ಕಡಲ ಹತ್ತಿರ ನಾಲ್ಕು ದಿನ: ಬೈಂದೂರಿನಲ್ಲಿ ಒಂದೇ ಮನೆ ಹಿಡಿದು ಕೂತುಬಿಡಿ

ಪ್ರಶ್ನೆ: ನಾವು ಮಂಡ್ಯದ ಹತ್ತಿರದ ಹಳ್ಳಿಯವರು. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು. ಅತ್ತೆಗೆ ಮಂಡಿನೋವು. ಪ್ರತಿ ಸಲ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರ್ಡೇಶ್ವರ ಅಂತ ಮೂರು ದಿನದಲ್ಲಿ ಸುತ್ತಿ, ಸುಸ್ತಾಗಿ ವಾಪಸ್ ಬರುತ್ತೇವೆ. ಈ ಸಲ ಸುಮ್ನೆ ಕಡಲ ಹತ್ತಿರ ಮೂರ್ನಾಲ್ಕು ದಿನ ಇರಬೇಕು ಅಂತ ಆಸೆ. ಗಲಾಟೆ ಇರಬಾರದು. ಎಲ್ಲಿಗೆ ಹೋಗೋದು, ಯಾವಾಗ, ಹೇಗೆ? ಕೆಲವರು ಕಣ್ಣೂರೇ ಹತ್ತಿರ ಅಂತಾರೆ. ಮಕ್ಕಳನ್ನು ನೀರಿಗೆ ಬಿಡೋಕೂ ಭಯ.

ಉತ್ತರ: ಬೈಂದೂರಿಗೆ ಹೋಗಿ. ಉಡುಪಿ ಜಿಲ್ಲೆಯ ಉತ್ತರದ ತುದಿಯ ಊರು ಅದು. ಕುಂದಾಪುರ, ಮರವಂತೆ ದಾಟಿದ ಮೇಲೆ, ಭಟ್ಕಳಕ್ಕೆ ಮೊದಲು ಸಿಗುತ್ತದೆ. ಕೊಲ್ಲೂರು ಮುಗಿಸಿ ಮುರ್ಡೇಶ್ವರಕ್ಕೆ ಓಡುವಾಗ ನಿಮ್ಮ ಟಿಟಿ ಇದೇ ಊರಿನ ಮೇಲೆ ಹೋಗಿರುತ್ತದೆ. ಹೆದ್ದಾರಿಯಿಂದ ನೋಡಿದರೆ ಅಂಗಡಿ ಸಾಲು ಬಿಟ್ಟು ಏನೂ ಕಾಣುವುದಿಲ್ಲ. ಪಶ್ಚಿಮಕ್ಕೆ ತಿರುಗಿ ಒಳಗೆ ಹೋದರೆ ಸೋಮೇಶ್ವರ. ದೇವಸ್ಥಾನ ಕಡಲಿಗೆ ಅಂಟಿಕೊಂಡೇ ಇದೆ. ಪಕ್ಕದಲ್ಲಿ ಬಂಡೆ, ಉದ್ದಕ್ಕೆ ಮರಳು, ಬೈಂದೂರಿನ ಹೊಳೆ ಕಡಲು ಸೇರುವ ಜಾಗ, ಮೇಲೆ ಒತ್ತಿನೆಣೆ ಗುಡ್ಡ. ದಕ್ಷಿಣಕ್ಕೆ ಉಪ್ಪುಂದ, ನಾಗೂರು, ಕಿರಿಮಂಜೇಶ್ವರ, ಉತ್ತರಕ್ಕೆ ಶಿರೂರು. ಸೋಮೇಶ್ವರದಲ್ಲಿ ಭಾನುವಾರ ಸಂಜೆ ಜನ ಸೇರುತ್ತಾರೆ. ಉಳಿದ ಊರುಗಳ ದಂಡೆಯಲ್ಲಿ ವಾರದ ದಿನ ದೋಣಿ, ಬಲೆ, ಮೀನುಗಾರರು, ಅಷ್ಟೇ.

ಆದರೆ ಯಾವ ಊರು ಅನ್ನುವುದಕ್ಕಿಂತ ಹೇಗೆ ಇರುತ್ತೀರಿ ಅನ್ನುವುದು ದೊಡ್ಡದು. ನಮ್ಮ ಕಡೆಯವರಿಗೆ ಕರಾವಳಿ ಅಂದರೆ ಕ್ಷೇತ್ರ ದರ್ಶನ. ಅಷ್ಟು ದೂರ ಹೋಗಿದ್ದೇವೆ, ಅದೂ ನೋಡಿಕೊಂಡು ಬಂದುಬಿಡೋಣ ಅನ್ನುವ ಆಸೆ. ಆ ಒಂದು ಆಸೆಯಿಂದಲೇ ಬೆಳಿಗ್ಗೆ ಐದಕ್ಕೆ ಮಕ್ಕಳನ್ನು ಎಬ್ಬಿಸುವುದು, ಸಾಲಿನಲ್ಲಿ ನಿಲ್ಲುವುದು, ರಾತ್ರಿ ಹೊಸ ಊರಿನಲ್ಲಿ ರೂಮು ಹುಡುಕುವುದು. ಮೈಸೂರಿನಲ್ಲಿ ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ದಣಿದು ಬರುವವರು ಹೆಚ್ಚಾಗಿ ಮೂರು ರಾತ್ರಿ ಮೂರು ಊರಿನಲ್ಲಿ ಮಲಗಿದವರು. ಹಾಗಾಗಿ ನಿಮಗೆ ಒಂದೇ ಷರತ್ತು ಹಾಕುತ್ತೇನೆ: ಮೂರು ರಾತ್ರಿಯೂ ಒಂದೇ ಮನೆ. ಗಂಟು ಬಿಚ್ಚಿದ್ದು ಮತ್ತೆ ಕಟ್ಟುವುದು ಊರಿಗೆ ಹೊರಡುವ ದಿನವೇ.

ಕಣ್ಣೂರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೈಸೂರಿಗೆ ಹತ್ತಿರದ ಕಡಲು ತಲಶ್ಶೇರಿ, ಕಣ್ಣೂರಿನದೇ. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟದ ಮೇಲೆ ಮೈಸೂರಿನಿಂದ 170 ಕಿ.ಮೀ. ಆಸುಪಾಸು. ಒಂದೇ ರಾತ್ರಿ ಬಿಡುವಿದ್ದರೆ ಅಲ್ಲಿಗೇ ಹೋಗಿ ಅನ್ನುತ್ತಿದ್ದೆ. ಆದರೆ ಹೆಸರಾದ ಮುಳಪ್ಪಿಲಂಗಾಡಿನಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೆ ಮರಳಿನ ಮೇಲೇ ಕಾರು ಓಡಿಸುತ್ತಾರೆ. ನಾಲ್ಕು ವರ್ಷದ ಮಗು ಮರಳಿನಲ್ಲಿ ಆಡುವಾಗ ಹಿಂದೆ ಕಾರು ಬರುವ ಜಾಗದಲ್ಲಿ ದೊಡ್ಡವರು ನೆಮ್ಮದಿಯಾಗಿ ಕೂರೋದು ಹೇಗೆ? ನಿಮಗೆ ನಾಲ್ಕು ದಿನ ಇದೆ. ದೂರ ಹೋಗಬಹುದು.

ಕಾರಿನಲ್ಲಿ ಬೇಡ. ಮೈಸೂರಿನಿಂದ ಮಡಿಕೇರಿ, ಸಂಪಾಜೆ, ಮಂಗಳೂರು, ಉಡುಪಿ ಮೇಲೆ ಬೈಂದೂರು ಹತ್ತಿರಹತ್ತಿರ 380 ಕಿ.ಮೀ. ಮಂಡ್ಯದಿಂದ ಇನ್ನೂ ಜಾಸ್ತಿ. ಮಂಡಿನೋವಿನವರನ್ನು ಇಡೀ ದಿನ ಸೀಟಿನಲ್ಲಿ ಕೂರಿಸಿದರೆ ಮೊದಲ ಎರಡು ದಿನ ಕಾಲು ಊದಿಕೊಂಡೇ ಹೋಗುತ್ತದೆ. ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹಾಸನದ ಮೇಲೆ ಮುರ್ಡೇಶ್ವರಕ್ಕೆ ಹೋಗುವ ರಾತ್ರಿ ರೈಲಿದೆ. ಮೊದಲು ಮಂಗಳೂರಿನವರೆಗೆ ಇತ್ತು, 2023ರಲ್ಲಿ ಮುರ್ಡೇಶ್ವರದವರೆಗೆ ಮುಂದುವರಿಸಿದರು. ಅದು ‘ಮೂಕಾಂಬಿಕಾ ರಸ್ತೆ ಬೈಂದೂರು’ ನಿಲ್ದಾಣದಲ್ಲಿ ನಿಲ್ಲುತ್ತದೆ. ರಾತ್ರಿ ಮಲಗಿದರೆ ಮಾರನೇ ದಿನ ಊಟದ ಹೊತ್ತಿನ ಆಸುಪಾಸಿಗೆ ಇಳಿಯುತ್ತೀರಿ. ದಿನ ಮತ್ತು ಸಮಯ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಅತ್ತೆ, ಮಾವನ ವಯಸ್ಸು ಸರಿಯಾಗಿ ತುಂಬಿಸಿ, ಲೋವರ್ ಬರ್ತ್ ಕೇಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಾಟಿ, ಅಲ್ಲಿನ 57 ಸುರಂಗ, ಎಲ್ಲವೂ ಕತ್ತಲಲ್ಲೇ ದಾಟಿ ಹೋಗುತ್ತದೆ. ಮಕ್ಕಳಿಗೆ ಅದೊಂದು ನಷ್ಟ. ಆದರೆ ತಿರುವಿನಲ್ಲಿ ವಾಂತಿ ಮಾಡಿಕೊಳ್ಳದೆ ತಲುಪುತ್ತಾರೆ.

ಯಾವಾಗ ಅಂದರೆ, ಸಂಕ್ರಾಂತಿ ಆದ ಮೇಲೆ. ದನಗಳಿಗೆ ಕಿಚ್ಚು ಹಾಯಿಸದೆ ನೀವು ಮನೆ ಬಿಟ್ಟು ಹೊರಡುವುದಿಲ್ಲ, ಅದು ಗೊತ್ತು. ಭತ್ತದ ಕೊಯ್ಲು, ಒಕ್ಕಣೆಯೂ ಅಷ್ಟರಲ್ಲಿ ಮುಗಿದಿರುತ್ತದೆ. ಜನವರಿ ಮೂರನೇ ವಾರದಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಗಾಳಿ ಹಿತವಾಗಿರುತ್ತದೆ, ಕಡಲು ಶಾಂತವಾಗಿರುತ್ತದೆ, ಬೆವರು ಕಡಿಮೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಮಂಡ್ಯ ಸ್ವಲ್ಪ ಕೆಳಗೆ. ನಮ್ಮದು ಒಣ ಗಾಳಿಗೆ ಒಗ್ಗಿದ ಮೈ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆ ವಯಸ್ಸಾದವರಿಗೆ ತಡೆಯುವುದಿಲ್ಲ.

ದಸರಾ ರಜೆಯಲ್ಲಿ ಹೋಗೋಣ ಅನ್ನಿಸುವುದು ಸಹಜ. ಆದರೆ ನವರಾತ್ರಿಯಲ್ಲಿ ಕೊಲ್ಲೂರು ತುಂಬಿ ತುಳುಕುತ್ತದೆ. ವಿಜಯದಶಮಿಗೆ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದಿಂದಲೂ ಜನ ಬರುತ್ತಾರೆ. ಬೈಂದೂರಿನವರೆಗೂ ರೂಮು ಸಿಗುವುದಿಲ್ಲ. ಡಿಸೆಂಬರ್ ಕೊನೆಯ ವಾರವೂ ಹಾಗೇ. ಮೂರು ನಾಲ್ಕನೇ ಕ್ಲಾಸಿನ ಹುಡುಗನಿಗೆ ನಾಲ್ಕು ದಿನ ಶಾಲೆ ತಪ್ಪಿದರೆ ಏನೂ ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಳೆಗಾಲದಲ್ಲಂತೂ ಬೇಡವೇ ಬೇಡ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಸುಮಾರು ಮಳೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸಂಪಾಜೆ ದಾರಿ ಗುಡ್ಡ ಕುಸಿದು ಮುಚ್ಚಿತ್ತು. 2024ರ ಜುಲೈನಲ್ಲಿ ಶಿರಾಡಿ ರಸ್ತೆ, ಎಡಕುಮೇರಿ ಹತ್ತಿರದ ರೈಲು ಹಳಿ ಎರಡೂ ಕುಸಿತಕ್ಕೆ ಸಿಕ್ಕಿದವು.

ಮನೆ ಹಿಡಿಯುವಾಗ ಫೋಟೋ ನಂಬಬೇಡಿ. ‘ಬೀಚ್ ಮುಂದೆಯೇ’ ಅಂತ ಹಾಕಿರುತ್ತಾರೆ. ಹೋಗಿ ನೋಡಿದರೆ ಮನೆ ಮುಂದೆ ಮರಳೇ ಇರುವುದಿಲ್ಲ, ಕಡಲ್ಕೊರೆತ ತಡೆಯಲು ಸುರಿದ ಆಳೆತ್ತರದ ಕಲ್ಲುಬಂಡೆ. ಅತ್ತೆಯವರು ಅದನ್ನು ಹತ್ತಿ ಇಳಿಯುವುದು ಸಾಧ್ಯವೇ ಇಲ್ಲ. ಮಳೆಗಾಲದ ಅಲೆ ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನಕ್ಕೆ ವಾಪಸ್ ತಂದು ಹಾಕುತ್ತವೆ. ಹಾಗಾಗಿ ಒಂದೇ ದಂಡೆ ಸೆಪ್ಟೆಂಬರ್‌ನಲ್ಲಿ ಒಂದು ಥರ, ಜನವರಿಯಲ್ಲಿ ಇನ್ನೊಂದು ಥರ. ಆ ಮನೆಯ ಮಾಲೀಕರಿಗೆ ಫೋನ್ ಮಾಡಿ, ಈ ವಾರ ತೆಗೆದ ಫೋಟೋ ಕಳಿಸಿ ಅಂತ ಕೇಳಿ. ಬಾಗಿಲಿನಿಂದ ಮರಳಿನವರೆಗೆ ನಡೆಯುತ್ತಾ ಒಂದು ವಿಡಿಯೋ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಮೆಟ್ಟಿಲು ಎಷ್ಟು, ಕಮೋಡ್ ಇದೆಯಾ, ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದಾ, ಸೊಳ್ಳೆ ಪರದೆ ಕೊಡುತ್ತಾರಾ, ಊಟ ಅವರೇ ಮಾಡಿಕೊಡುತ್ತಾರಾ ಅಂತ ಕೇಳಿ. ದಂಡೆಯ ಬಾವಿ ನೀರು ಕೆಲವು ಕಡೆ ಸವುಳು ಇರುತ್ತದೆ, ಕುಡಿಯುವ ನೀರಿನ ವ್ಯವಸ್ಥೆಯನ್ನೂ ವಿಚಾರಿಸಿ. ಈ ಪ್ರಶ್ನೆಗಳಿಗೆ ಬೇಜಾರಿಲ್ಲದೆ ಉತ್ತರ ಕೊಡುವವರ ಮನೆಯನ್ನೇ ಹಿಡಿಯಿರಿ.

ಇನ್ನು ನೀರಿನ ಮಾತು. ನಿಮ್ಮ ಭಯ ಸರಿಯಾಗಿಯೇ ಇದೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಮನೆಯವರಿಗೆಲ್ಲ ಓದಿ ಹೇಳಿ.

ಜನ ಕಡಿಮೆ ಇರುವ ದಂಡೆಯಲ್ಲಿ ಜೀವರಕ್ಷಕರು ಇರುವುದಿಲ್ಲ. ಗಲಾಟೆ ಇಲ್ಲದ ಜಾಗ ಬೇಕು ಅಂದಾಗ ಇದನ್ನೂ ಒಪ್ಪಿಕೊಂಡಂತೆ. ಕೂಗಿದರೆ ಕೇಳುವವರು ದೂರದಲ್ಲಿರುತ್ತಾರೆ. ನಮ್ಮ ಕಡೆ ಗಂಡಸರಿಗೆ ಈಜು ಬರುತ್ತದೆ, ಕಾವೇರಿಯಲ್ಲಿ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯಲ್ಲಿ ಕಲಿತಿರುತ್ತಾರೆ. ಆ ಧೈರ್ಯವೇ ಕಡಲಿನಲ್ಲಿ ಅಪಾಯ. ನಾಲೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ, ದಡ ಎರಡೂ ಕಡೆ ಕೈಗೆ ಸಿಗುತ್ತದೆ. ಕಡಲಿನಲ್ಲಿ ಅಲೆ ದಂಡೆಗೆ ತಂದ ನೀರೆಲ್ಲ ವಾಪಸ್ ಹೋಗಬೇಕಲ್ಲ, ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ಮರಳಿನ ದಿಬ್ಬಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ಒಟ್ಟಾಗಿ ರಭಸದಿಂದ ಕಡಲಿನ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಪಕ್ಕ ಬಿಳಿ ನೊರೆ, ಮಧ್ಯೆ ಒಂದು ಪಟ್ಟಿ ಮಾತ್ರ ತಣ್ಣಗೆ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಇಲ್ಲಿ ಅಲೆ ಇಲ್ಲ, ಮಕ್ಕಳನ್ನು ಇಲ್ಲೇ ಇಳಿಸೋಣ ಅಂತ ಅಪ್ಪ ಅಮ್ಮ ಆರಿಸುವುದು ಅದೇ ಜಾಗವನ್ನು. ಎಷ್ಟೋ ಸಾವು ಆಗುವುದು ಹೀಗೆ.

ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆ ನೇರವಾಗಿ ಈಜಲು ಹೋಗಬಾರದು. ಎಂಥ ಈಜುಗಾರನೂ ಸೋಲುತ್ತಾನೆ. ಮೊದಲು ತೇಲಬೇಕು, ಕೈ ಎತ್ತಬೇಕು, ಆಮೇಲೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಆ ಪಟ್ಟಿ ಅಗಲ ಇರುವುದಿಲ್ಲ, ಪಕ್ಕಕ್ಕೆ ಸರಿದರೆ ಅಲೆಯೇ ದಡಕ್ಕೆ ತರುತ್ತದೆ. ದಂಡೆಯ ಮೇಲಿರುವವರು ಅವರ ಹಿಂದೆ ನೀರಿಗೆ ಹಾರಬಾರದು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಹಗ್ಗ, ಟ್ಯೂಬು, ಸಿಕ್ಕಿದ್ದನ್ನು ಎಸೆಯಬೇಕು. 112ಕ್ಕೆ ಫೋನ್ ಮಾಡಬೇಕು, ಹತ್ತಿರದ ದೋಣಿಯವರನ್ನು ಕರೆಯಬೇಕು. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಡಿಸೆಂಬರ್ ಅಂದರೆ ಕಡಲು ಶಾಂತವಾಗಿರುವ ಕಾಲ. ಅದನ್ನು ಮರೆಯಬೇಡಿ.

ಸೋಮೇಶ್ವರದಲ್ಲಿ ಇನ್ನೊಂದು ಎಚ್ಚರಿಕೆ. ಹೊಳೆ ಕಡಲು ಸೇರುವ ಬಾಯಿಯ ಹತ್ತಿರ ಯಾರೂ ಇಳಿಯಬಾರದು. ಮೊಣಕಾಲುದ್ದ ನೀರು, ನೋಡಲು ಕೆರೆಯಷ್ಟು ಸಪ್ಪಗೆ. ಇಳಿತ ಶುರುವಾದರೆ ಹೊಳೆಯ ನೀರು ಹೊರಕ್ಕೆ ಎಳೆಯುತ್ತದೆ, ಕಾಲಡಿಯ ಮರಳೂ ಜಾರುತ್ತದೆ. ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಯುವುದೂ ಬೇಡ, ಪಾಚಿ ಜಾರುತ್ತದೆ. ಮರಳು ಕೈಯಲ್ಲಿ ಹಿಡಿದು ನೋಡಿ. ದಪ್ಪ ಮರಳಿದ್ದರೆ ದಂಡೆ ಕಡಿದಾಗಿ ಇಳಿಯುತ್ತದೆ, ಎರಡು ಹೆಜ್ಜೆಗೇ ಆಳ. ಸಣ್ಣ, ಗಟ್ಟಿ ಮರಳಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಅಂಥ ಕಡೆಯಲ್ಲೂ ಮಕ್ಕಳಿಗೆ ಪಾದ ಮುಳುಗುವಷ್ಟು, ದೊಡ್ಡವರಿಗೆ ಮೊಣಕಾಲಷ್ಟು ಸಾಕು. ಚಿಕ್ಕವನ ಕೈ ಒಬ್ಬರು ಹಿಡಿದಿರಬೇಕು, ಆ ಒಬ್ಬರ ಇನ್ನೊಂದು ಕೈಯಲ್ಲಿ ಮೊಬೈಲ್ ಇರಬಾರದು. ಸೀರೆ ಉಟ್ಟವರು ನೀರಿನ ಅಂಚಿನಲ್ಲೇ ನಿಂತುಕೊಳ್ಳಿ, ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಏಳಲಾಗುವುದಿಲ್ಲ. ಮರಳಿನ ಮೇಲೆ ಲೋಳೆಯ ಹಾಗೆ ಬಿದ್ದಿರುವ ಲೋಳೆಮೀನನ್ನು (ಜೆಲ್ಲಿಫಿಶ್) ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ, ಸತ್ತಿದ್ದರೂ ಚುಚ್ಚುತ್ತದೆ. ತಗುಲಿದರೆ ಕಡಲ ನೀರಿನಲ್ಲೇ ತೊಳೆದು ಡಾಕ್ಟರ ಹತ್ತಿರ ಹೋಗಿ. ಸಿಹಿ ನೀರು ಹಾಕಬೇಡಿ, ಉಜ್ಜಬೇಡಿ.

ಇಷ್ಟು ಕೇಳಿ ಹೆದರಬೇಡಿ. ಕಡಲಿನಲ್ಲಿ ಖುಷಿಪಡಲು ನೀರಿಗೆ ಇಳಿಯಲೇಬೇಕು ಅಂತಿಲ್ಲ. ಬೆಳಿಗ್ಗೆ ಬೇಗ ದಂಡೆಗೆ ಹೋಗಿ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ, ಸೂರ್ಯ ಬೆನ್ನ ಹಿಂದಿನ ತೆಂಗಿನ ತೋಟದಿಂದ ಹುಟ್ಟುತ್ತಾನೆ. ಹಾಗಾಗಿ ಬೆಳಗಿನ ಹೊತ್ತು ಮರದ ನೆರಳು ಮರಳಿನ ಮೇಲೇ ಬಿದ್ದಿರುತ್ತದೆ. ಗಾಳಿ ನೆಲದಿಂದ ಕಡಲಿನ ಕಡೆಗೆ ತಣ್ಣಗೆ ಬೀಸುತ್ತದೆ, ಅಲೆಯೂ ಸಣ್ಣದಿರುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ. ಎಲ್ಲರೂ ಸೂರ್ಯಾಸ್ತ ಅಂತ ಸಂಜೆ ಹೋಗುತ್ತಾರೆ. ನನ್ನ ಕೇಳಿದರೆ ಬೆಳಗಿನ ಹೊತ್ತೇ ಹೆಚ್ಚು.

ಅತ್ತೆಯವರ ಮಂಡಿಗೆ ಒಣ ಮರಳು ಕಷ್ಟ, ಕಾಲು ಹೂತುಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಮೇಲೆ ಉಳಿಯುವ ಹಸಿ ಮರಳು ಗಟ್ಟಿಯಾಗಿ ಇರುತ್ತದೆ, ಅದರ ಮೇಲೆ ನಡೆಸಿ. ಉಬ್ಬರ, ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ. ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಉಬ್ಬರ ನಡುಹಗಲಿನ ಸುತ್ತಮುತ್ತ ಬರುತ್ತದೆ, ಬೆಳಿಗ್ಗೆ ಮತ್ತು ಸಂಜೆ ಇಳಿತ. ಅಂದರೆ ವಾಕಿಂಗಿಗೆ ಹೇಳಿ ಮಾಡಿಸಿದ ಹಾಗೆ. ಕ್ಯಾಲೆಂಡರ್ ನೋಡಿ ಹುಣ್ಣಿಮೆಯ ಹತ್ತಿರಕ್ಕೆ ದಿನ ಹೊಂದಿಸಿ. ಉಳಿದುಕೊಂಡ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಸಿಕೊಳ್ಳಿ. ಅತ್ತೆ ಕೂರಲು ಜಾಗ ಇದ್ದರೆ ಯಾರಿಗೂ ಅವಸರ ಇರುವುದಿಲ್ಲ.

ಅದೃಷ್ಟ ಇದ್ದರೆ ಕೈರಂಪಣಿ, ಅಂದರೆ ದಂಡೆಯಿಂದಲೇ ಎಳೆಯುವ ಮೀನಿನ ಬಲೆ, ಎಳೆಯುವುದು ನೋಡಲು ಸಿಗುತ್ತದೆ. ಒಂದು ದೋಣಿ ಬಲೆಯನ್ನು ಅರ್ಧ ಚಂದ್ರಾಕಾರದಲ್ಲಿ ಬಿಟ್ಟು ಬರುತ್ತದೆ. ಬಲೆಯ ಎರಡು ತುದಿಯ ಹಗ್ಗ ದಂಡೆಯಲ್ಲಿ. ಎರಡು ಗುಂಪಾಗಿ ನಿಂತು ಎಳೆಯುತ್ತಾರೆ. ಹಿಂದಿನವರು ಹಗ್ಗ ಸುರುಳಿ ಸುತ್ತುತ್ತಾ, ಮುಂದೆ ಬಂದು ಮತ್ತೆ ಹಿಡಿಯುತ್ತಾರೆ. ಎರಡು ಗುಂಪು ಹತ್ತಿರ ಹತ್ತಿರ ಸರಿದ ಹಾಗೆ ಬಲೆಯ ಚೀಲ ಕಾಣುತ್ತದೆ, ಮೇಲೆ ಹದ್ದು ಸುತ್ತುತ್ತವೆ. ಚೀಲ ಮರಳಿಗೆ ಬಂದಾಗ ಸಣ್ಣ ಮೀನು ಬೆಳ್ಳಗೆ ಪಟಪಟ ಹಾರುತ್ತಿರುತ್ತದೆ, ಜೊತೆಗೆ ಒಂದೆರಡು ಏಡಿ. ಹಿಂದೆ ದೊಡ್ಡ ರಂಪಣಿ ಇತ್ತು, ಊರಿಗೆ ಊರೇ ಎಳೆಯುತ್ತಿತ್ತು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆಯ ಪರ್ಸೀನ್ ಬೋಟು ಬಂದ ಮೇಲೆ ಅದು ಮರೆಯಾಯಿತು, ಈಗ ಉಳಿದಿರುವುದು ಈ ಚಿಕ್ಕದು. ನಿಮ್ಮ ದೊಡ್ಡ ಮಗ ಕೇಳಿದರೆ ಹಗ್ಗಕ್ಕೆ ಕೈ ಹಾಕಲು ಬಿಡುತ್ತಾರೆ. ಮೊದಲು ಕೇಳಿ. ಅದು ಅವರ ದುಡಿಮೆ, ಫೋಟೋ ತೆಗೆಯಲೂ ಕೇಳಿಯೇ ತೆಗೆಯಿರಿ.

ಜನವರಿ, ಫೆಬ್ರವರಿಯಲ್ಲಿ ಈ ದಂಡೆಗಳಿಗೆ ಕಡಲಾಮೆ ಮೊಟ್ಟೆ ಇಡಲು ಬರುವುದುಂಟು. ರಾತ್ರಿ ಕಂಡರೆ ಟಾರ್ಚ್ ಬಿಡಬೇಡಿ, ಹತ್ತಿರ ಹೋಗಬೇಡಿ. ಊರಿನವರಿಗೆ ಹೇಳಿದರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ.

ಊಟಕ್ಕೆ ಒಂದು ಮಾತು. ಅಲ್ಲಿ ಕುಚ್ಚಲಕ್ಕಿ ಅನ್ನ, ಗಂಜಿ, ನೀರುದೋಸೆ. ಮುದ್ದೆ ಸಿಗುವುದಿಲ್ಲ. ಮಾವನವರಿಗೆ ರಾತ್ರಿ ಮುದ್ದೆ ಇಲ್ಲದೆ ಆಗುವುದಿಲ್ಲ ಅಂದರೆ ಎರಡು ಸೇರು ರಾಗಿ ಹಿಟ್ಟು, ಮುದ್ದೆ ಕೋಲು ಗಂಟಿನಲ್ಲಿ ಇಟ್ಟುಕೊಳ್ಳಿ. ಮನೆಯವರನ್ನು ಕೇಳಿದರೆ ಒಲೆ ಬಿಟ್ಟುಕೊಡುತ್ತಾರೆ. ಅವರ ಮೀನು ಸಾರಿಗೆ ನಮ್ಮ ಮುದ್ದೆ ಬಹಳ ಚೆನ್ನಾಗಿ ಹೊಂದುತ್ತದೆ. ಮಕ್ಕಳಿಗೆ ಅಂಜಲ್ ಅಥವಾ ಕಾಣೆ ಕೊಡಿಸಿ, ಮುಳ್ಳು ಬಿಡಿಸುವುದು ಸುಲಭ. ಸಣ್ಣ ಮೀನು ಬೇಡ. ಯಾವ ಮೀನು ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿಬಿಡಿ, ಬೆಳಿಗ್ಗೆ ದೋಣಿ ಬಂದಾಗ ತರುತ್ತಾರೆ. ಸೋಮವಾರ, ಶನಿವಾರ ಮುಟ್ಟದ ಮನೆಯಾದರೆ ಅದನ್ನೂ ಲೆಕ್ಕ ಹಾಕಿ ಹೊರಡಿ. ಸೋಮವಾರ ರಾತ್ರಿ ರೈಲು ಹತ್ತಿದರೆ ಮಂಗಳವಾರ, ಬುಧವಾರ, ಗುರುವಾರ ರಾತ್ರಿ ಅಲ್ಲಿ. ಶುಕ್ರವಾರ ಮಧ್ಯಾಹ್ನದ ಮೇಲೆ ವಾಪಸ್ ರೈಲು, ಶನಿವಾರ ಬೆಳಗಾಗುವಷ್ಟರಲ್ಲಿ ಊರು. ವಾರಾಂತ್ಯದ ಜನ ಬರುವ ಮೊದಲೇ ನೀವು ಹೊರಟಿರುತ್ತೀರಿ.

ಸುತ್ತಾಟ ಒಂದೇ ಒಂದು. ಬುಧವಾರ ಅಥವಾ ಗುರುವಾರ ಬೆಳಿಗ್ಗೆ ಆಟೋ ಇಲ್ಲವೇ ಕಾರು ಮಾಡಿಕೊಂಡು ಕೊಲ್ಲೂರಿಗೆ ಹೋಗಿ, ಊಟದ ಹೊತ್ತಿಗೆ ಮನೆಗೆ ಬನ್ನಿ. ದೇವಿಯ ದರ್ಶನ ಮಾಡದೆ ಅತ್ತೆಗೆ ಸಮಾಧಾನ ಆಗುವುದಿಲ್ಲ. ಮರವಂತೆ, ಮುರ್ಡೇಶ್ವರ ನೋಡಿ ಆಗಿದೆಯಲ್ಲ, ಬಿಡಿ. ಸಂಜೆ ಸುತ್ತಮುತ್ತ ಎಲ್ಲಾದರೂ ಯಕ್ಷಗಾನ ಇದೆಯಾ ಅಂತ ಮನೆಯವರನ್ನು ಕೇಳಿ. ನವೆಂಬರ್‌ನಿಂದ ಮೇವರೆಗೆ ಮೇಳಗಳ ತಿರುಗಾಟ. ಹರಕೆ ಹೊತ್ತವರು ಆಡಿಸುವ ಯಕ್ಷಗಾನ, ಅಂದರೆ ಹರಕೆ ಆಟ, ಗದ್ದೆ ಬಯಲಿನಲ್ಲೇ ನಡೆಯುತ್ತದೆ, ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು. ಪೂರ್ತಿ ನೋಡಬೇಕಾಗಿಲ್ಲ. ಚಂಡೆ ಶುರುವಾಗಿ, ಬಣ್ಣದ ವೇಷ ಬರುವವರೆಗೆ ಕೂತು, ಮಕ್ಕಳು ತೂಕಡಿಸಿದಾಗ ಎತ್ತಿಕೊಂಡು ಬನ್ನಿ.

ಟಿಕೆಟ್ ಈಗಲೇ ನೆನಪಿಡಿ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಜನವರಿ ಕೊನೆಗೆ ಹೊರಡುವುದಾದರೆ ನವೆಂಬರ್ ಕೊನೆಯಲ್ಲಿ ಹೋಗುವುದು, ಬರುವುದು ಎರಡನ್ನೂ ಮಾಡಿಸಿ. ಮನೆ ಅದಕ್ಕೂ ಮೊದಲೇ ಗೊತ್ತು ಮಾಡಿಕೊಳ್ಳಿ. ಲೋವರ್ ಬರ್ತ್ ಸಿಗದೇ ಹೋದರೆ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿ. ಅತ್ತೆಯವರನ್ನು ಮೇಲಿನ ಬರ್ತಿಗೆ ಹತ್ತಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ.